ಮಡಿಲಲ್ಲಿ ತಂದ ಬೀಜ

ಬೈರಮ್ಮನ ಮನೆಯ ಮೇಲೆ ದಿನಕ್ಕೆ ನೂರೆಂಟು ವಿಮಾನ ಹಾರುತ್ತವೆ. ದೇವನಹಳ್ಳಿ ದಾಟಿ ವಿಜಯಪುರದ ದಾರಿಯಲ್ಲಿ ಹೋಗುತ್ತಾ ಎಡಕ್ಕೆ ತಿರುಗಿದರೆ ಆಕೆಯ ಊರು. ಮೊದಮೊದಲು ವಿಮಾನ ಬಂದಾಗ ಅಂಗಳಕ್ಕೆ ಓಡಿಬಂದು ಕತ್ತೆತ್ತಿ ನೋಡುತ್ತಿದ್ದವಳು, ಆಮೇಲಾಮೇಲೆ ಈ ಸದ್ದಿಗೆ ಹುಳು ಬೆಚ್ಚುತ್ತವೆ ಎಂದು ಬೈಯಲು ಶುರುಮಾಡಿದಳು. ಅದರಲ್ಲಿ ಕೂತು ತಾನೂ ಒಂದು ದಿನ ಎಲ್ಲಿಗಾದರೂ ಹೋಗಬಹುದು ಎಂಬ ಯೋಚನೆ ಐವತ್ತಾರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹೋಗಲು ಊರಾದರೂ ಎಲ್ಲಿತ್ತು?

ಹೆಣ್ಣುಮಕ್ಕಳು ಹೋಗುವುದು ತವರಿಗೆ. ಬೈರಮ್ಮನ ತವರು ಹೊಸಕೋಟೆ ಕಡೆ. ಮೂರು ವರ್ಷದ ಕೂಸಾಗಿದ್ದಾಗ ತಾಯಿ ಹೋದಳು, ಮದುವೆಯಾದ ಎರಡನೇ ವರ್ಷಕ್ಕೆ ತಂದೆಯೂ ಹೋದ. ಇದ್ದೊಬ್ಬ ಅಣ್ಣ ಜಮೀನು ಮಾರಿ ಹೆಂಡತಿಯ ಊರು ಸೇರಿಕೊಂಡ. ಮನೆಯಿದ್ದ ಜಾಗದಲ್ಲಿ ಈಗ ಗೋಡೌನು, ಮುಂದೆ ಲಾರಿಗಳ ಸಾಲು. ಗೌರಿ ಹಬ್ಬ ಬಂತೆಂದರೆ ಊರಿನ ಸೊಸೆಯರಿಗೆಲ್ಲ ತವರಿನ ಬಾಗಿನ ಬರುತ್ತಿತ್ತು. ಬೈರಮ್ಮ ಆ ದಿನ ಬೇಕೆಂದೇ ಹಿಪ್ಪುನೇರಳೆ ತೋಟ ಹೊಕ್ಕು ಸಂಜೆವರೆಗೂ ಸೊಪ್ಪು ಕೊಯ್ಯುತ್ತಿದ್ದಳು. ಗಂಡ ಆವಲಪ್ಪನಿಗೆ ಅದು ಗೊತ್ತಿತ್ತು. ಯಾಕೆ ಏನು ಅಂತ ಕೇಳದೆ ಆ ದಿನದ ಅಡಿಗೆ ಅವನೇ ಮಾಡುತ್ತಿದ್ದ. ಉಪ್ಪು ಮಾತ್ರ ಅವನಿಗೆ ಎಂದೂ ಹದಕ್ಕೆ ಬರಲಿಲ್ಲ.

ಮೂವತ್ತೆಂಟು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ, ರೇಷ್ಮೆ ಹುಳು ಸಾಕುವುದು. ಹುಳುಮನೆಯಲ್ಲಿ ಆಕೆಯದೇ ಕಾನೂನು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿಯದೆ ದೇವರೇ ಬಂದರೂ ಒಳಕ್ಕೆ ಬಿಡುತ್ತಿರಲಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ, ಅರಿಶಿನ ಹಚ್ಚಿದ ಕೈ, ಸೆಂಟು ಪೂಸಿಕೊಂಡ ಮೈ ಎಲ್ಲಕ್ಕೂ ಹೊರಗೇ ನಿಲ್ಲುವ ಶಿಕ್ಷೆ. ಇಷ್ಟೆಲ್ಲ ಗೊತ್ತಿದ್ದವಳಿಗೆ ಮೊಟ್ಟೆ ಮಾಡಿಸುವುದೊಂದು ಮಾತ್ರ ಗೊತ್ತಿರಲಿಲ್ಲ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಮೊಟ್ಟೆಯಿಡುವ ಸಂಗತಿ, ಬೀಜಕ್ಕೆಂದೇ ಗೂಡು ಬೆಳೆಯುವ ಬಿತ್ತನೆ ಗೂಡಿನವರ ಬಾಬ್ತು. ಅದೆಲ್ಲ ಮಾಗಡಿ, ಕುಣಿಗಲ್ ಕಡೆ. ಬೈರಮ್ಮನ ಮಟ್ಟಿಗೆ ಗೂಡಿನಿಂದ ಚಿಟ್ಟೆ ಬಂತೆಂದರೆ ಮನೆಗೆ ಬೆಂಕಿ ಬಿದ್ದಂತೆ. ತೂತು ಬಿದ್ದ ಗೂಡನ್ನು ನೂಲು ಬಿಚ್ಚುವವರು ಕೈಯಲ್ಲೂ ಮುಟ್ಟುವುದಿಲ್ಲ. ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿದಾಗ ಆಕೆಯ ಒಂದು ಇಡೀ ಬೆಳೆ ಹಾಗೆ ಕಣ್ಣೆದುರೇ ಚಿಟ್ಟೆಯಾಗಿ ಎದ್ದುಹೋಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಆಕೆಗೆ ಊಟ ಸೇರುವುದಿಲ್ಲ.

ಅದರ ಮರುವರ್ಷವೇ ಬಾನ್ರಿ ಬಂದದ್ದು. ಮೇಘಾಲಯದ ಹುಡುಗಿ, ಏರ್‌ಪೋರ್ಟಿನಲ್ಲಿ ಕೆಲಸ, ಬೈರಮ್ಮನ ಮನೆಯ ಮಹಡಿಯ ರೂಮಿಗೆ ಬಾಡಿಗೆಗೆ ಬಂದಳು. ಊರಿನವರು ಏನೇನೋ ಆಡಿಕೊಂಡರು: ಅವರು ಅದು ತಿನ್ನುತ್ತಾರೆ, ಇದು ತಿನ್ನುತ್ತಾರೆ ಅಂತ. ಬೈರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಅವಳೇನು ನಿಮ್ಮನೆ ಮಡಕೆಗೆ ಕೈ ಹಾಕಿದ್ಳಾ? ನಿಮ್ಮ ಕೆಲಸ ನೀವು ನೋಡ್ಕೊಳ್ರಮ್ಮ" ಅಂದಳು. ಹುಡುಗಿ ಎರಡು ತಿಂಗಳಲ್ಲಿ ಕನ್ನಡ ಕಲಿತಳು, ಮೂರನೇ ತಿಂಗಳಿಗೆ ಬೈರಮ್ಮನ ಬೈಗುಳವನ್ನೂ ಕಲಿತಳು. ರಜೆಯ ದಿನ ಹುಳುಗಳಿಗೆ ಸೊಪ್ಪು ಹಾಕಲು ಬರುತ್ತಿದ್ದಳು, ಆ ಕೈಯಲ್ಲಿ ಹಳೇ ಪಳಗಿಕೆ ಇತ್ತು. ಬೈರಮ್ಮ ಅದನ್ನು ಗಮನಿಸಿದಳೇ ಹೊರತು ಕೇಳಲಿಲ್ಲ.

ಬಂದು ಮೂರು ವರ್ಷವಾದ ಮೇಲೆ ಬಾನ್ರಿಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಒಂಬತ್ತು ದಿನವೂ ಬೈರಮ್ಮ ಬೆಂಚಿನ ಮೇಲೆ. ನಾಲ್ಕನೇ ಜ್ವರ ಕಳೆದ, ಅಂದರೆ ಕಡೆಯ ಪೊರೆ ಬಿಟ್ಟು ಗೂಡು ಕಟ್ಟಲು ವಾರವಷ್ಟೇ ಉಳಿದ ಹುಳುಗಳನ್ನು ಆವಲಪ್ಪನ ಕೈಗೆ ಬಿಟ್ಟು ಆಕೆ ಹಾಗೆ ಹೋದದ್ದು ಜೀವಮಾನದಲ್ಲಿ ಅದೇ ಮೊದಲು. ಹುಡುಗಿ ಉಳಿದಳು. ಊರಿನಿಂದ ಅವಳ ತಾಯಿ ಥೈಲಿನ್ ಫೋನಿನಲ್ಲಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತಾ ಅತ್ತಳು. ಬೈರಮ್ಮ ತನ್ನ ಭಾಷೆಯಲ್ಲಿ ಸಮಾಧಾನ ಹೇಳುತ್ತಾ ತಾನೂ ಅತ್ತಳು.

"ಅಮ್ಮ, ನಮ್ಮಮ್ಮ ಏನು ಹೇಳ್ತಿದ್ದಾರೆ ಗೊತ್ತಾ? ನನ್ನ ಮಗಳನ್ನ ಉಳಿಸಿದೋರು ಒಂದ್ಸಲ ನಮ್ಮನೇಲಿ ಊಟ ಮಾಡ್ಬೇಕು, ಇಲ್ದಿದ್ರೆ ನನಗೆ ಅನ್ನ ಇಳಿಯಲ್ಲ ಅಂತೆ."

"ಅಯ್ಯೋ, ಅಲ್ಲಿಗೆಲ್ಲ ನಾನೆಲ್ಲಿ ಬರ್ಲಿ!" ಅಂದಳು ಬೈರಮ್ಮ. ಅಂದವಳು ಯುಗಾದಿ ಕಳೆದ ಮೇಲೆ ಹೊರಟೇಬಿಟ್ಟಳು. ಮೈದುನನ ಮಗ ಹರಿಪ್ರಸಾದ್ ಮೊಬೈಲು ನೋಡಿ ಒಂದು ಪಟ್ಟಿ ಬರೆದುಕೊಟ್ಟ. "ದೊಡ್ಡಮ್ಮ, ಕಾಮಾಖ್ಯ ದೇವಸ್ಥಾನ, ಘೇಂಡಾಮೃಗದ ಕಾಡು, ಶಿಲ್ಲಾಂಗು, ಇಷ್ಟು ನೋಡ್ಕೊಂಡು ಬಾ. ಹಳ್ಳೀಲಿ ಏನಿರುತ್ತೆ? ಹಳ್ಳಿ ಇಲ್ಲೇ ಇದೆಯಲ್ಲ." ಬೈರಮ್ಮ ಪಟ್ಟಿಯನ್ನು ಮಡಿಸಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು.

ಗುವಾಹಟಿಯಲ್ಲಿ ವಿಮಾನ ಇಳಿದು, ಬಾನ್ರಿಯ ಅಣ್ಣ ತಂದಿದ್ದ ಸುಮೋ ಹತ್ತಿ, ಬೆಟ್ಟದ ರಸ್ತೆಯಲ್ಲಿ ನಾಂಗ್‌ಪೋ ದಾಟಿ ಒಳಗೊಳಗೆ ಹೋದರು. ದಾರಿಯುದ್ದಕ್ಕೂ ಬಿದಿರು, ಇಳಿಜಾರಿನಲ್ಲಿ ಅನಾನಸ್ಸು, ಶುಂಠಿ. ಊರು ಹತ್ತಿರವಾಗುತ್ತಿದ್ದಂತೆ ಬಾನ್ರಿ ಉಗುರು ಕಚ್ಚುತ್ತಾ ಬಾಯಿಬಿಟ್ಟಳು: "ಅಮ್ಮ, ಒಂದು ವಿಷಯ. ನಮ್ಮನೇಲೂ ರೇಷ್ಮೆ ಹುಳು ಇದೆ. ಎರಿ ಹುಳು, ಹರಳೆಲೆ ತಿನ್ನುತ್ತೆ."

"ಅಲ್ವೇ ಪಾಪಿ! ನಾಲ್ಕು ವರ್ಷದಿಂದ ನಮ್ಮನೇಲಿ ಸೊಪ್ಪು ಹಾಕ್ತಿದ್ದೀಯ, ಒಂದಿನಾನೂ ಹೇಳ್ಲಿಲ್ವಲ್ಲೇ?"

"ನಾವು ಗೂಡಿನೊಳಗಿನ ಹುಳ ತಿಂತೀವಿ ಅಮ್ಮ. ಹೇಳಿದ್ರೆ ನೀವೂ ಎಲ್ಲರ ಥರ ಮೂಗು ಮುಚ್ಕೊತೀರೇನೋ ಅಂತ ಸುಮ್ನಿದ್ದೆ."

ಬೈರಮ್ಮ ಗಾಬರಿಯಿಂದ ಕಿಟಕಿಯ ಕಡೆ ತಿರುಗಿದಳು. ಆದರೂ ಮೂಗು ಮಾತ್ರ ಮುಚ್ಚಲಿಲ್ಲ.

ಥೈಲಿನ್ ಬಾಗಿಲಲ್ಲೇ ಕಾಯುತ್ತಿದ್ದಳು. ಹೆಚ್ಚುಕಡಿಮೆ ಬೈರಮ್ಮನ ವಯಸ್ಸೇ, ಗಿಡ್ಡ ಆಳು, ಚೌಕುಳಿ ಬಟ್ಟೆಯನ್ನು ಹೆಗಲ ಮೇಲೆ ಗಂಟು ಹಾಕಿಕೊಂಡಿದ್ದಳು. ಮನೆಗೆ ಬಂದವರಿಗೆ ಅಲ್ಲಿ ಮೊದಲು ಕೊಡುವುದು ಎಲೆಅಡಿಕೆ. "ಇದು ನನಗೆ ಹೇಳ್ಕೊಡ್ಬೇಕಾ!" ಎಂದು ಬೈರಮ್ಮ ಜಂಬದಿಂದ ಒಂದು ಬೀಡ ಬಾಯಿಗೆ ಹಾಕಿದಳು. ಅಡಿಕೆ ಹಸಿಯದು. ಕ್ಷಣದಲ್ಲಿ ಕಿವಿ ಬಿಸಿಯಾಗಿ, ಬೆವರು ಕಿತ್ತುಕೊಂಡು, ಮನೆ ಗಿರ್ರನೆ ತಿರುಗಿತು. ಥೈಲಿನ್ ನಗುತ್ತಾ ಬೀಸಣಿಗೆ ತಂದಳು. ಹುಳುವೆಲ್ಲ ಗೂಡು ಕಟ್ಟಿ ಖಾಲಿಯಾಗಿದ್ದ ಹುಳುಮನೆ ತೋರಿಸಲು ಕರೆದೊಯ್ದಾಗ ಬೈರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಸುಣ್ಣ ಬೇಕು, ಕಾಲು ತೊಳೆಯಬೇಕು, ಬೇರೆ ಊರಿನ ಧೂಳು ತಂದಿದ್ದೀನಿ ಅಂದಳು. ಅಲ್ಲಿ ಅಂಥ ಕಟ್ಟಳೆಯೇನೂ ಇರಲಿಲ್ಲ. ಆದರೂ ಥೈಲಿನ್ ನೀರು ತಂದು, ಅತಿಥಿಯ ಕಾಲಿಗೆ ಸುರಿದು, ತನ್ನ ಕಾಲನ್ನೂ ತೊಳೆದುಕೊಂಡೇ ಒಳಗೆ ಹೋದಳು. ಬೈರಮ್ಮನಿಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ.

ಒಲೆಯ ಪಕ್ಕದ ಗೂಟದಲ್ಲಿ ಒಂದು ಬಿದಿರಿನ ಬುಟ್ಟಿ. ಅದರ ತುಂಬ ಬಿಳಿ ಗೂಡುಗಳು, ಮುನ್ನೂರಾದರೂ ಇದ್ದವು. ಥೈಲಿನ್ ಅದನ್ನು ಎರಡೂ ಕೈಯಲ್ಲಿ ಇಳಿಸಿ ತೋರಿಸಿದಳು.

"ಇದು ಅಮ್ಮ ಆರಿಸಿ ಇಟ್ಟಿರೋದು," ಅಂದಳು ಬಾನ್ರಿ. ಯಾತಕ್ಕೆ ಅಂತ ಬೈರಮ್ಮ ಕೇಳಲಿಲ್ಲ. ಆರಿಸಿಟ್ಟ ಗೂಡು ಯಾತಕ್ಕೆ, ಮಾರುಕಟ್ಟೆಗೆ ತಾನೆ?

ಮೂರು ದಿನ ಹೇಗೆ ಹೋದವೋ. ಒಂದು ದಿನ ಸಂತೆ ನೋಡಿದಳು. ಅಂಗಡಿ ಅಂಗಡಿಯಲ್ಲೂ ಕೂತು ವ್ಯಾಪಾರ ಮಾಡುವವರು ಹೆಂಗಸರು, ಚೀಲ ಹೊರುವವರು ಗಂಡಸರು! ಒಂದು ದಿನ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಮಗುವಿನಂತೆ ಆಡಿದಳು. ಬೆಳಗಿನ ತಿಂಡಿಗೆ ಪುಥಾರೊ ಅಂತ ಅಕ್ಕಿಹಿಟ್ಟಿನದು, ನಮ್ಮ ಅಕ್ಕಿರೊಟ್ಟಿಯ ತಂಗಿಯೇ ಸರಿ. ಆದರೆ ಆಕೆಗೆ ಎಲ್ಲಕ್ಕಿಂತ ದೊಡ್ಡ ನೋಟ ಬೇರೆ. ಅಲ್ಲಿ ಮನೆ ಸಲ್ಲುವುದು ಕಿರಿಯ ಮಗಳಿಗೆ. ಹೆಣ್ಣು ಮನೆ ಬಿಟ್ಟು ಹೋಗುವುದಿಲ್ಲ, ಗಂಡೇ ಬರುತ್ತಾನೆ. ಫೋನಿನಲ್ಲಿ ಆವಲಪ್ಪನಿಗೆ ಹೇಳಿದಳು: "ಕೇಳಿದ್ರಾ? ಇಲ್ಲಿ ಹೆಣ್ಣುಮಕ್ಕಳಿಗೆ ತವರು ತಪ್ಪೋದೇ ಇಲ್ವಂತೆ."

"ಅದಕ್ಕೆ? ಅಲ್ಲೇ ಉಳ್ಕೊಂಡ್ಬಿಟ್ಟೀಯ ಬೈರಿ. ಇಲ್ಲಿ ಹುಳು ಎರಡನೇ ಜ್ವರಕ್ಕೆ ಬಂದವೆ," ಎಂದ ಅವನು.

ನಾಲ್ಕನೆಯ ದಿನ ಭಾನುವಾರ. ಮನೆಯವರೆಲ್ಲ ಚರ್ಚಿಗೆ ಹೋದರು. ಕಾಲು ನೋವೆಂದು ಬೈರಮ್ಮ ಮನೆಯಲ್ಲೇ ಉಳಿದು, ಒಲೆಯ ಮುಂದೆ ಚಹಾ ಹಿಡಿದು ಕೂತಿದ್ದಳು. ಏನೋ ಪಟಪಟ ಅಂದಿತು. ತಲೆಯೆತ್ತಿದರೆ, ಬುಟ್ಟಿಯ ಅಂಚಿನಲ್ಲಿ ಅಂಗೈಯಗಲದ ಒಂದು ಚಿಟ್ಟೆ ರೆಕ್ಕೆ ಬಿಚ್ಚುತ್ತಿತ್ತು! ಪಕ್ಕದಲ್ಲಿ ಇನ್ನೊಂದು. ಬುಟ್ಟಿ ಇಳಿಸಿ ನೋಡಿದರೆ ಗೂಡುಗಳ ತುದಿಯೆಲ್ಲ ಬಾಯಿಬಿಟ್ಟಿದೆ. ಎರಿ ಗೂಡು ಇರುವುದೇ ಹಾಗೆ ಅಂತ ಆಕೆಗೇನು ಗೊತ್ತು?

"ಅಯ್ಯೋ ನನ್ನ ತಾಯೇ, ಬೆಳೆ ಹೋಯ್ತಲ್ಲೇ! ಇವರು ಹಾಡು ಹೇಳ್ತಾ ಕೂತವ್ರೆ!"

ಚಿಟ್ಟೆ ಇನ್ನೂ ಹೊರಬರದ ಗೂಡನ್ನಾದರೂ ಉಳಿಸಬೇಕು. ಇಂಥ ಹೊತ್ತಲ್ಲಿ ಏನು ಮಾಡಬೇಕೆಂದು ಆಕೆಗೆ ಚೆನ್ನಾಗಿ ಗೊತ್ತು: ಹಬೆ ಹಿಡಿಸಿ ಒಳಗಿನ ಹುಳುವನ್ನು ಸಾಯಿಸಿಬಿಟ್ಟರೆ ಗೂಡು ತೂತಾಗುವುದಿಲ್ಲ. ಪೊರಕೆ ಹಿಡಿದು ಎರಡು ಚಿಟ್ಟೆಯನ್ನೂ ಹೊರಗೆ ಗುಡಿಸಿದಳು, ಕೋಳಿಗಳು ಬಂದು ಮುಗಿಸಿದವು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಮೇಲೆ ಬಿದಿರಿನ ಜರಡಿಯಿಟ್ಟು, ಗೂಡು ಹರಡಿ, ಒದ್ದೆ ಬಟ್ಟೆ ಮುಚ್ಚಿದಳು. ಸರತಿಯ ಮೇಲೆ ಮುನ್ನೂರು ಗೂಡಿಗೂ ಹಬೆ. ಕೈ ಸುಟ್ಟುಕೊಂಡಳು. ಲಾಕ್‌ಡೌನಿನಲ್ಲಿ ತನಗೆ ಯಾರೂ ಮಾಡದ ಉಪಕಾರವನ್ನು ತಾನು ಈ ಮನೆಗೆ ಮಾಡುತ್ತಿದ್ದೇನೆ ಎಂಬ ಖುಷಿಯಲ್ಲಿ ಉರಿ ತಿಳಿಯಲೇ ಇಲ್ಲ. ಎಲ್ಲವನ್ನೂ ಅಂಗಳದ ಚಾಪೆಯ ಮೇಲೆ ಒಣಹಾಕಿ, ಮನೆಯವರು ಬರುವುದನ್ನೇ ಕಾಯುತ್ತಾ ಕೂತಳು.

ಬಂದ ಥೈಲಿನ್ ಚಾಪೆ ನೋಡಿ ನಿಂತಳು. ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಇನ್ನೊಂದು. ಮತ್ತೊಂದು. ಆಮೇಲೆ ಚಾಪೆಯ ಅಂಚಿನಲ್ಲಿ ಕೂತು, ಮೆಲ್ಲಗೆ ಏನೋ ಹೇಳಿದಳು.

"ಏನಂದ್ರು ಬಾನು? ಎಲ್ಲಾ ಉಳಿಸಿದ್ದೀನಿ ಅಂತ ಹೇಳು. ಎರಡೇ ಹೋಗಿದ್ದು."

ಬಾನ್ರಿ ಚಾಪೆಯಿಂದ ಒಂದು ಗೂಡೆತ್ತಿ ಬೆರಳಲ್ಲಿ ಹೊರಳಿಸಿದಳು.

"ಹೇಳೇ!"

"ಅಮ್ಮ... ಅದು ಬಿತ್ತನೇದು. ನಮ್ಮಲ್ಲಿ ಚಿಟ್ಟೆ ಹೊರಗೆ ಬಂದ್ಮೇಲೇ ಗೂಡು ನೂಲೋದು. ಆ ಚಿಟ್ಟೆ ಇಟ್ಟ ಮೊಟ್ಟೇನೇ ಮುಂದಿನ ಬೆಳೆಗೆ. ಹೊರಗಿಂದ ತರೋದಿಲ್ಲ. ಅಜ್ಜಿಯ ಅಜ್ಜಿ ಕಾಲದಿಂದ ಇದೇ ಬೀಜ. ಮನೆ ಜೊತೆಗೆ ಅಮ್ಮನ ಕೈಗೆ ಬಂದಿದ್ದು, ಮುಂದೆ ನನ್ನ ಕೈಗೆ ಬರ್ಬೇಕಿತ್ತು. ನಾನು ಮೊದ್ಲೇ ಹೇಳ್ಬೇಕಿತ್ತಮ್ಮ, ತಪ್ಪು ನಂದು."

ಬೈರಮ್ಮ ಚಾಪೆಯ ತುಂಬ ಹರಡಿದ್ದ ಗೂಡುಗಳನ್ನು ನೋಡಿದಳು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದದ್ದನ್ನು, ಅಂಥದ್ದೇನೂ ಪಡೆಯದ ತಾನು ಬಂದು ಒಂದು ಬೆಳಿಗ್ಗೆಯಲ್ಲಿ ಬೇಯಿಸಿಬಿಟ್ಟೆನಲ್ಲ! ಕರೆದು ಕೂರಿಸಿ ಉಣ್ಣಲಿಕ್ಕಿದ ಮನೆ. ಕಾಲಿಗೆ ನೀರು ಸುರಿದ ಹೆಂಗಸು. ಆಕೆ ಥೈಲಿನ್‌ಳ ಕಾಲು ಹಿಡಿಯಲು ಹೋದಳು, ಅವಳು ಬಿಡಲಿಲ್ಲ. ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. "ನನ್ನನ್ನ ಗುವಾಹಟಿಗೆ ಬಿಟ್ಬಿಡು ಬಾನು. ಈ ಮುಖ ಇಟ್ಕೊಂಡು ಈ ಮನೇಲಿ ಇನ್ನೊಂದು ತುತ್ತು ತಿನ್ನಲ್ಲ."

ಅರ್ಧ ಗಂಟೆ ಕಳೆದಿರಬೇಕು. ಥೈಲಿನ್ ಒಂದು ತಟ್ಟೆ ಹಿಡಿದು ಬಂದಳು. ಗೂಡಿನೊಳಗಿನ ಹುಳುಗಳು, ಈರುಳ್ಳಿ ಮೆಣಸಿನಕಾಯಿ ಹಾಕಿ ಹುರಿದವು. ಹೇಳಿದ್ದನ್ನು ಬಾನ್ರಿ ನಗಲೋ ಬೇಡವೋ ಎಂಬಂತೆ ಕನ್ನಡಕ್ಕೆ ತಂದಳು: "ಬೇಯಿಸೋ ಕೆಲಸ ಅವರೇ ಮಾಡಿದ್ರು, ನಂಗೆ ಹುರಿಯೋದಷ್ಟೇ ಉಳಿದಿತ್ತು ಅಂತಿದ್ದಾರೆ. ನೂಲಿಗೇನೂ ನಷ್ಟ ಇಲ್ವಂತೆ. ಮೊದ್ಲು ತಿನ್ಬೇಕಂತೆ, ಆಮೇಲೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮನೆಗೆ ಹೋಗೋಣ ಅಂತೆ. ಅದೇ ಬೀಜ ಅಲ್ಲೂ ಇತ್ತು. ಆದ್ರೆ ದೊಡ್ಡಮ್ಮಂಗೆ ವಯಸ್ಸಾಯ್ತು, ಈ ವರ್ಷ ಸಾಕೋದು ಬಿಟ್ಬಿಡ್ತೀನಿ ಅಂದಿದ್ರು. ಬಿಟ್ಟಿದ್ರೆ ಮುಗೀತು."

ಮೂವತ್ತೆಂಟು ವರ್ಷ ಹುಳುವನ್ನು ಮಕ್ಕಳಂತೆ ಸಾಕಿದವಳು ತಟ್ಟೆ ನೋಡಿದಳು. ಥೈಲಿನ್‌ಳ ಮುಖ ನೋಡಿದಳು. ಅತ್ತು ಕೆಂಪಾಗಿದ್ದ ಆ ಕಣ್ಣಲ್ಲಿ ಕೋಪ ಹುಡುಕಿದಳು, ಸಿಗಲಿಲ್ಲ. ಕಣ್ಣುಮುಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಕಡಲೇಕಾಯಿಯ ಹಾಗಿತ್ತು, ಆಣೆಗೂ. ಇನ್ನೂ ಎರಡು ತಿಂದಳು.

ದೊಡ್ಡಮ್ಮನ ಮನೆ ಕಣಿವೆಯ ಆಚೆ. ಅಲ್ಲಿ ಫೋನು ಸಿಗುವುದಿಲ್ಲ, ಹೋಗಿಯೇ ನೋಡಬೇಕು. ಮೂವರೂ ನಡೆದರು. ಅನಾನಸ್ಸಿನ ಇಳಿಜಾರು, ಅದರ ಕೆಳಗೆ ಹೊಳೆ, ಹೊಳೆಗೆ ಬಿದಿರಿನ ಸೇತುವೆ. ಕಾಲಿಟ್ಟರೆ ತೂಗುವ ಆ ಸೇತುವೆಯ ಮೇಲೆ ಥೈಲಿನ್ ಮುಂದೆ ನಿಂತು ಕೈಚಾಚಿದಳು. ಬೈರಮ್ಮ ಹಿಡಿದ ಕೈಯನ್ನು ದಾಟಿದ ಮೇಲೂ ಬಿಡಲಿಲ್ಲ. ದಾರಿಯುದ್ದಕ್ಕೂ ಮನೆದೇವರಿಗೆ ಹರಕೆ ಹೊತ್ತಳು: ಒಂದೇ ಒಂದು ಚಿಟಿಕೆಯಷ್ಟು ಮೊಟ್ಟೆ ಇರಲಪ್ಪ, ಈ ಮನೆಯ ಬಾಗಿಲು ನನಗೆ ಮುಚ್ಚದಿರಲಪ್ಪ.

ಎಪ್ಪತ್ತರ ಹತ್ತಿರದ ಮುದುಕಿ ಜಗುಲಿಯಲ್ಲಿ ಕೂತಿದ್ದಳು. ಕಥೆಯೆಲ್ಲ ಕೇಳಿ ಕೋಲೆತ್ತಿಕೊಂಡು ಬೈಯತೊಡಗಿದಳು. ಬೈರಮ್ಮ ತಲೆ ತಗ್ಗಿಸಿ ನಿಂತಳು.

"ನಿಮ್ಮನ್ನಲ್ಲ ಅಮ್ಮ," ಎಂದು ಬಾನ್ರಿ ಪಿಸುಗುಟ್ಟಿದಳು. "ನಮ್ಮಮ್ಮನ್ನ ಬೈತಿದ್ದಾರೆ. ಮನೆಗೆ ಬಂದೋರನ್ನ ಒಬ್ರನ್ನೇ ಬಿಟ್ಟು ಹೋಗ್ತಾರಾ ಅಂತ. ಅವಳು ನಿನ್ನ ಬೆಳೆ ಉಳಿಸೋಕೆ ಕೈ ಸುಟ್ಕೊಂಡವ್ಳೆ, ನೀನು ಎಣ್ಣೆ ಹಚ್ಚಿದ್ಯಾ ಅಂತ ಕೇಳ್ತಿದ್ದಾರೆ."

ಮುದುಕಿ ಒಳಗೆ ಹೋಗಿ, ಚಿಟ್ಟೆ ಮೊಟ್ಟೆಯಿಡಲೆಂದು ಇಟ್ಟಿದ್ದ ಒಂದು ಹುಲ್ಲಿನ ಕಡ್ಡಿ ತಂದಳು. ಅದರ ಸುತ್ತ ಸಾಸಿವೆಯಂಥ ಮೊಟ್ಟೆಗಳು, ಒತ್ತೊತ್ತಾಗಿ. ಇಡೀ ಮನೆಗೆ ಅದೊಂದೇ. ಸಾಕುವ ಶಕ್ತಿ ಇಲ್ಲ, ಬಿಡುವ ಮನಸ್ಸೂ ಇಲ್ಲ, ಯಾರಾದರೂ ಕೇಳಿಕೊಂಡು ಬರಲಿ ಅಂತ ಏಳು ದಿನದಿಂದ ನೋಡುತ್ತಿದ್ದೆ ಅಂದಳಂತೆ. ಅದನ್ನು ತಂಗಿಗೆ ಕೊಡಲಿಲ್ಲ, ಬೈರಮ್ಮನ ಕಡೆ ಚಾಚಿದಳು. ಕಳೆದವಳೇ ತಂದುಕೊಡಲಿ, ಆಗ ಮನಸ್ಸಿಗೆ ಭಾರ ಇರುವುದಿಲ್ಲ ಅಂತ.

ಬೈರಮ್ಮ ಬರಿಗೈ ಚಾಚಲಿಲ್ಲ. ಅಂಥದ್ದನ್ನು ನಮ್ಮಲ್ಲಿ ಕೈಯಲ್ಲಿ ತೆಗೆದುಕೊಳ್ಳುವುದುಂಟೆ? ನೆಲದಲ್ಲಿ ಕೂತು ಸೆರಗು ಹರಡಿದಳು. ಮುದುಕಿ ಬಟ್ಟೆಯಲ್ಲಿ ಸುತ್ತಿದ ಕಡ್ಡಿಯನ್ನು ಅದರಲ್ಲಿಟ್ಟಳು. ಹೊರಡುವವರಿಗೆ ಎಲೆಅಡಿಕೆ ಕೊಡುವುದು ಅಲ್ಲಿಯ ಪದ್ಧತಿ, ಅದನ್ನೂ ಇಟ್ಟಳು. ದೂರದಿಂದ ಬಂದವಳು ಬರಿದೇ ಹೋಗಬಾರದು ಎಂದು ಹಿತ್ತಲಿನ ಅರಿಶಿನದ ಕೊಂಬನ್ನೂ ಇಟ್ಟಳು.

ಎಲೆ, ಅಡಿಕೆ, ಅರಿಶಿನದ ಕೊಂಬು. ಬೈರಮ್ಮ ಮಡಿಲನ್ನೇ ನೋಡುತ್ತಾ ಕೂತುಬಿಟ್ಟಳು. ಮೂವತ್ತೆಂಟು ವರ್ಷದಲ್ಲಿ ತವರಿನವರೆಂದು ಯಾರೂ ತುಂಬದ ಮಡಿಲು. ಅದರ ಅರ್ಥ ಗೊತ್ತಿಲ್ಲದ ಒಬ್ಬಳು ಮುದುಕಿ, ಹೆಸರು ಕೇಳದ ಒಂದು ಊರಿನ ಜಗುಲಿಯಲ್ಲಿ, ಬೆಳೆ ಹಾಳುಮಾಡಿದ ದಿನವೇ ತುಂಬಿದ್ದಳು. ಆಕೆ ಬಾಯಿಗೆ ಸೆರಗು ಒತ್ತಿಕೊಳ್ಳಲೂ ಆಗದೆ, ಸೆರಗು ತುಂಬಿತ್ತಲ್ಲ, ಗೊಳೋ ಎಂದು ಅತ್ತಳು. ಬಾನ್ರಿಗೂ ಅಳು ಬಂತು. ನಾಲ್ಕು ವರ್ಷದ ಗೌರಿ ಹಬ್ಬಗಳಲ್ಲಿ ಬೈರಮ್ಮ ಯಾಕೆ ತೋಟದಲ್ಲಿರುತ್ತಿದ್ದಳೆಂದು ಅವಳಿಗೆ ಗೊತ್ತಿತ್ತು. ತಾಯಿಗೂ ದೊಡ್ಡಮ್ಮನಿಗೂ ಅವಳು ಅದನ್ನು ಬಿಡಿಸಿ ಹೇಳಿದಳು. ಮುದುಕಿ ಬೈರಮ್ಮನ ತಲೆಯ ಮೇಲೆ ಕೈಯಿಟ್ಟಳು.

ಎದ್ದ ಮೇಲೆ ಬೈರಮ್ಮ ಮೊದಲು ಮಾಡಿದ ಕೆಲಸವೇನು ಗೊತ್ತೆ? ಅರಿಶಿನದ ಕೊಂಬನ್ನು ಬೇರೆ ಮಾಡಿ ಥೈಲಿನ್‌ಳ ಚೀಲಕ್ಕೆ ಹಾಕಿದ್ದು. ಅಳು ಅಳುವೇ, ಆದರೆ ಮೊಟ್ಟೆಯ ಹತ್ತಿರ ಅರಿಶಿನ ಇಡುವುದೆಂದರೇನು! ಬೀಜವನ್ನು ಹೊಟ್ಟೆಗೆ ಒತ್ತಿ ಕಟ್ಟಿಕೊಂಡು ಬಸುರಿಯಂತೆ ಹೆಜ್ಜೆಯಿಡುತ್ತಾ ಸೇತುವೆ ದಾಟಿದಳು.

ಮೂರನೇ ದಿನ ಬೆಳಿಗ್ಗೆ ಥೈಲಿನ್ ಆಕೆಯನ್ನು ತೋಳು ಹಿಡಿದು ಎಬ್ಬಿಸಿಕೊಂಡು ಹೋದಳು. ಕಡ್ಡಿಯ ಸುತ್ತ ಮರಿಗಳು ಮಿಜಿಮಿಜಿ ಎನ್ನುತ್ತಿದ್ದವು. ಎಳೆಯ ಹರಳೆಲೆಯೊಂದನ್ನು ಥೈಲಿನ್ ಆಕೆಯ ಕೈಗಿತ್ತಳು. ಇಬ್ಬರೂ ಕಾಲು ತೊಳೆದುಕೊಂಡು, ಮೊದಲ ಸೊಪ್ಪನ್ನು ಬೈರಮ್ಮ ಹಾಕಿದಳು.

ಊರಿಗೆ ಬಂದಾಗ ಹರಿಪ್ರಸಾದ್ ಪಟ್ಟಿ ಕೇಳಿದ. ಅದು ಎಲೆಅಡಿಕೆ ಚೀಲದಲ್ಲಿ ಮಡಿಸಿದಂತೆಯೇ ಇತ್ತು. "ಒಂದೂ ನೋಡ್ಲಿಲ್ವಾ? ಹಂಗಾದ್ರೆ ಅಷ್ಟು ದಿನ ಮಾಡಿದ್ದೇನು ದೊಡ್ಡಮ್ಮ?"

"ಹುಳು ಮರಿ ಮಾಡಿಸ್ದೆ ಕಣೋ," ಅಂದಳು ಬೈರಮ್ಮ. ಅವನಿಗೆ ಅರ್ಥವಾಗಲಿಲ್ಲ.

ಆ ವರ್ಷದ ಗೌರಿ ಹಬ್ಬದ ದಿನ ಆಕೆ ಎಂದಿನಂತೆ ಕುಡುಗೋಲು ಹಿಡಿದು ತೋಟಕ್ಕೆ ಹೊರಟಿದ್ದಳು. ಮಹಡಿಯಿಂದ ಬಾನ್ರಿ ಇಳಿದುಬಂದಳು, ಕೈಯಲ್ಲಿ ಒಂದು ಮೊರ. ಅದರಲ್ಲಿ ಎಲೆ, ಹಸಿ ಅಡಿಕೆ, ಅರಿಶಿನದ ಕೊಂಬು, ಪಕ್ಕದಲ್ಲಿ, ಮಡಿಲಲ್ಲಿ ತಂದ ಬೀಜದ ಬೆಳೆಯ ಗೂಡಿನಿಂದ ಥೈಲಿನ್ ತಾನೇ ನೂತ ಒಂದು ಉಂಡೆ ನೂಲು.

"ನಿಮ್ಮ ತವರಿಂದ ಬಂದಿದೆ ಅಮ್ಮ. ಸೆರಗು ಒಡ್ಡಿ."

ಬೈರಮ್ಮ ಕುಡುಗೋಲನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಕೂತಳು. ಆ ದಿನ ತೋಟಕ್ಕೆ ಹೋಗಲಿಲ್ಲ. ಅಡಿಗೆಯನ್ನು ಮಾತ್ರ ಅಭ್ಯಾಸಬಲದಿಂದ ಆವಲಪ್ಪನೇ ಮಾಡಿದ್ದ. ಉಪ್ಪು ಜಾಸ್ತಿಯಾಗಿತ್ತು, ಮೂವರೂ ಏನೂ ಅನ್ನದೆ ಹೊಟ್ಟೆ ತುಂಬ ಉಂಡರು.